ಒಂದು ಗೇಣಿನ ಚಿತ್ರ, ಹನ್ನೊಂದು ಮೊಳದ ಚಿತ್ರ

ಕೇಳುಗರಿಗೆ ನಮಸ್ಕಾರ.

ಚಿತ್ರಗಳ ಬಗ್ಗೆ ಬಾನುಲಿಯಲ್ಲಿ ಮಾತನಾಡಬೇಕೆಂದು ನಿಲಯದವರು ಕೇಳಿದಾಗ, ಕಣ್ಣಿಗೆ ಸೇರಿದ್ದನ್ನು ಕಿವಿಗೆ ಮುಟ್ಟಿಸುವುದು ಹೇಗೆ ಎಂದು ಮೊದಲು ಹಿಂಜರಿದೆ. ಆಮೇಲೆ ಕೂತು ಯೋಚಿಸಿದಾಗ, ಚಿತ್ರದ ಕೆಲವು ಸಂಗತಿಗಳು ಅಚ್ಚಾದ ಪುಟದಲ್ಲಿಯೂ ಫೋನಿನ ಪರದೆಯಲ್ಲಿಯೂ ಕಾಣಿಸದೆ, ಬಾಯಿಮಾತಿನಲ್ಲಿ ಹೇಳಿದರೆ ಮಾತ್ರ ತಿಳಿಯುತ್ತವೆ ಎನ್ನಿಸಿತು. ಚಿತ್ರ ಎಷ್ಟು ದೊಡ್ಡದು, ಬಣ್ಣ ಎಷ್ಟು ದಪ್ಪ, ಬರೆದವರು ಅದರ ಮುಂದೆ ನಿಂತಿದ್ದರೋ ಬಗ್ಗಿದ್ದರೋ, ಕೈ ಯಾವ ಕಡೆಯಿಂದ ಯಾವ ಕಡೆಗೆ ಓಡಿತು ಎಂಬ ಸಂಗತಿಗಳು ಅವು. ಇವತ್ತು ನಾನು ಹೇಳಬೇಕೆಂದಿರುವುದು ಅಷ್ಟನ್ನೇ.

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುವಾಗ ಪ್ರಪಂಚದ ಹೆಸರಾಂತ ಚಿತ್ರಗಳನ್ನು ಒಂದು ಹಳೆಯ ಪುಸ್ತಕದಿಂದ ತೋರಿಸುತ್ತಿದ್ದೆ. ಆ ಪುಸ್ತಕದಲ್ಲಿ ಒಂದೊಂದು ಪುಟಕ್ಕೆ ನಾಲ್ಕು ನಾಲ್ಕು ಚಿತ್ರಗಳಿದ್ದವು, ಎಲ್ಲವೂ ಹೆಚ್ಚುಕಡಿಮೆ ಬೆಂಕಿಪೆಟ್ಟಿಗೆಯ ಗಾತ್ರದವು. ಮೂಲಚಿತ್ರ ಎಷ್ಟಿರಬಹುದು ಎಂದು ಯಾವ ಮಗುವೂ ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ನಿವೃತ್ತಿಯಾದ ಮೇಲೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ನಾನೂ ನನ್ನ ಪತ್ನಿಯೂ ಹೋಗಿ ಕೆಲವು ತಿಂಗಳು ಇದ್ದೆವು. ಅಲ್ಲಿಂದ ನ್ಯೂಯಾರ್ಕಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಒಂದು ಬುಧವಾರ ಎಡಿಸನ್ ನಿಲ್ದಾಣದಲ್ಲಿ ಹತ್ತಿ, ಪೆನ್ ಸ್ಟೇಷನ್ನಿನಲ್ಲಿ ಇಳಿದು, ನೆಲದಡಿಯ ರೈಲು ಹಿಡಿದು, ಮ್ಯಾನ್‌ಹಟನ್ನಿನ 53ನೆಯ ಬೀದಿಯಲ್ಲಿರುವ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತಲುಪಿದೆವು. ಅಲ್ಲಿಯವರೆಲ್ಲ ಅದನ್ನು ಮೋಮಾ ಎಂದೇ ಕರೆಯುತ್ತಾರೆ.

ಈ ಸಂಸ್ಥೆ ಹುಟ್ಟಿದ್ದು 1929ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಷೇರುಪೇಟೆ ಕುಸಿದು ಇನ್ನೂ ಹತ್ತು ದಿನವೂ ಕಳೆಯದಿದ್ದಾಗ. ಕಟ್ಟಿದವರು ಮೂವರು ಹೆಂಗಸರು: ಲಿಲ್ಲಿ ಬ್ಲಿಸ್, ಮೇರಿ ಕ್ವಿನ್ ಸಲಿವನ್ ಮತ್ತು ಆಬಿ ಆಲ್ಡ್ರಿಚ್ ರಾಕ್‌ಫೆಲರ್. ಮೊದಲ ನಿರ್ದೇಶಕ ಆಲ್ಫ್ರೆಡ್ ಬಾರ್ ಅವರಿಗೆ ಆಗ 27 ವರ್ಷ. ಬಾಡಿಗೆಗೆ ಹಿಡಿದ ಕೆಲವು ಕೋಣೆಗಳಲ್ಲಿ ಆರಂಭವಾಗಿ, 1939ರಲ್ಲಿ ಈಗಿನ ಜಾಗದಲ್ಲಿ ಸ್ವಂತ ಕಟ್ಟಡವಾಯಿತು. 2004ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಬೆಳೆಯಿತು. ಈಗ ಅಲ್ಲಿರುವ ಕೃತಿಗಳು ಸುಮಾರು ಎರಡು ಲಕ್ಷ. ಗೋಡೆಯ ಮೇಲೆ ಒಮ್ಮೆಗೆ ಕಾಣುವುದು ಅದರಲ್ಲಿ ತೀರಾ ಸಣ್ಣ ಪಾಲು. ಆ ಪಾಲನ್ನು ನೋಡಿ ಮುಗಿಸುವುದಕ್ಕೂ ಒಂದು ದಿನ ಸಾಲದು. ಬೆನ್ನಿಗೆ ಹಾಕಿಕೊಂಡ ದೊಡ್ಡ ಚೀಲವನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. 65 ವರ್ಷ ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು.

ಹಳೆಯ ಚಿತ್ರಗಳಿರುವುದು ಐದನೆಯ ಮಹಡಿಯಲ್ಲಿ. ಲಿಫ್ಟಿನಿಂದ ಇಳಿದ ಸ್ವಲ್ಪ ಹೊತ್ತಿಗೇ ಜನರ ಗುಂಪೊಂದು ಕಾಣಿಸಿತು. ಎತ್ತಿ ಹಿಡಿದ ಫೋನುಗಳ ನಡುವೆ ವಿನ್ಸೆಂಟ್ ವ್ಯಾನ್ ಗೋ 1889ರಲ್ಲಿ ಬರೆದ ತಾರೆಗಳ ರಾತ್ರಿಯ ಚಿತ್ರವಿತ್ತು. ಎಷ್ಟು ಸಲ ಕಪ್ಪುಹಲಗೆಯ ಪಕ್ಕದಲ್ಲಿ ನಿಂತು ಇದನ್ನು ವರ್ಣಿಸಿದ್ದೇನೆಂದರೆ, ಅದು ಗೋಡೆ ತುಂಬ ಇರಬೇಕೆಂದು ಮನಸ್ಸು ತಾನೇ ತೀರ್ಮಾನ ಮಾಡಿಕೊಂಡಿತ್ತು. ಇರುವುದು ಅಡ್ಡಕ್ಕೆ ಎರಡು ಮೊಳ, ಎತ್ತರಕ್ಕೆ ಒಂದೂವರೆ ಮೊಳದ ಮೇಲೆ ಮೂರು ಬೆರಳು. ಒಬ್ಬ ಮನುಷ್ಯ ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದಾದ ಗಾತ್ರ.

ಗುಂಪು ಕರಗುವ ತನಕ ಕಾದು ಹತ್ತಿರ ಹೋದೆ. ನೇರವಾಗಿ ನಿಂತು ನೋಡುವುದಕ್ಕಿಂತ ಪಕ್ಕಕ್ಕೆ ಸರಿದು, ಗೋಡೆಯ ಗುಂಟ ಓರೆಯಾಗಿ ನೋಡಿದಾಗ ಅದು ನನಗೆ ಗೊತ್ತೇ ಇಲ್ಲದ ಚಿತ್ರವಾಗಿಬಿಟ್ಟಿತು. ಬಣ್ಣ ಉತ್ತ ಹೊಲದ ಹಾಗೆ ಸಾಲುಸಾಲಾಗಿ ಎದ್ದು ನಿಂತಿದೆ, ಒಂದೊಂದು ಸಾಲಿಗೂ ಅದರದೇ ಒಂದು ಎಳೆಯ ನೆರಳಿದೆ, ಚಂದ್ರನ ಹಳದಿ ಅಂಟಿಸಿದ ಹಾಗೆ ದಪ್ಪಗಿದೆ. ಅದೇ ಆಕಾಶದಲ್ಲಿ, ಗೆರೆ ಮತ್ತು ಗೆರೆಯ ಸಂದಿನಲ್ಲಿ, ಬಣ್ಣವೇ ತಾಕದ ಬರಿಯ ಕ್ಯಾನ್ವಾಸು ಅಲ್ಲಲ್ಲಿ ಇಣುಕುತ್ತದೆ. ಪುಸ್ತಕದಲ್ಲಿ ಆ ಬರಿಯ ಜಾಗಗಳೂ ಬಣ್ಣದಂತೆಯೇ ಅಚ್ಚಾಗಿದ್ದವು. ಬರೆದ ಕೈ ತಡವರಿಸಿಲ್ಲ, ತಿದ್ದಲು ಹಿಂದೆ ಬಂದಿಲ್ಲ ಎನ್ನುವುದು ಆ ಸಂದುಗಳನ್ನು ನೋಡಿದಾಗಲೇ ನನಗೆ ತಿಳಿದದ್ದು. ಫ್ರಾನ್ಸಿನ ಸೇಂಟ್ ರೆಮಿ ಊರಿನ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ, ಕಂಬಿಯ ಕಿಟಕಿಯಿಂದ ಬೆಳಗಿನ ಜಾವದಲ್ಲಿ ಕಂಡ ಆಕಾಶವನ್ನು ಮನಸ್ಸಿನಲ್ಲಿಟ್ಟುಕೊಂಡು, ವ್ಯಾನ್ ಗೋ ಹಗಲು ಹೊತ್ತಿನಲ್ಲಿ ಕೆಳಗಿನ ಕೋಣೆಯಲ್ಲಿ ಕೂತು ಇದನ್ನು ಬರೆದರು. ಚಿತ್ರದ ಹಳ್ಳಿ ಆ ಕಿಟಕಿಗೆ ಕಾಣುತ್ತಿರಲಿಲ್ಲ. ನಮ್ಮ ಪರೀಕ್ಷೆಯ ಮಾತಿನಲ್ಲಿ ಹೇಳುವುದಾದರೆ ಅದು ನೆನಪಿನ ಚಿತ್ರ.

ಅದೇ ಮಹಡಿಯಲ್ಲಿ ಸಾಲ್ವಡಾರ್ ಡಾಲಿಯವರ ಕರಗುವ ಗಡಿಯಾರಗಳ ಚಿತ್ರವಿದೆ, 1931ರದು. ಅದನ್ನು ದಾಟಿ ಹೋಗಿಯೇಬಿಟ್ಟಿದ್ದೆ. ನನ್ನ ಪತ್ನಿ ಕರೆದು ತೋರಿಸಿದರು. ಅಂಗೈ ಬಿಚ್ಚಿ ದೂರದಿಂದಲೇ ಅಳೆದು ನೋಡಿದೆ: ಎತ್ತರ ಒಂದು ಗೇಣು, ಅಗಲ ಒಂದೂವರೆ ಗೇಣು. ಶಾಲೆಯ ಡ್ರಾಯಿಂಗ್ ಹಾಳೆಗಿಂತ ಚಿಕ್ಕದು. ಮರುಭೂಮಿಯಂಥ ಬಯಲು, ದೂರದ ಬಂಡೆ, ಸಮುದ್ರ, ಬಟ್ಟೆಯಂತೆ ಜೋತುಬಿದ್ದ ಗಡಿಯಾರಗಳು, ಒಂದು ಗಡಿಯಾರಕ್ಕೆ ಮುತ್ತಿದ ಇರುವೆಗಳು, ಇಷ್ಟೂ ಆ ಒಂದು ಗೇಣಿನೊಳಗಿವೆ. ಅಲ್ಲಿ ಕುಂಚದ ಗುರುತೇ ಕಾಣುವುದಿಲ್ಲ. ತೀರಾ ಸಣ್ಣ ಕುಂಚದಿಂದ, ಮೂಗು ಕ್ಯಾನ್ವಾಸಿಗೆ ತಾಗುವಷ್ಟು ಬಗ್ಗಿ ಮಾಡಿದ ಕೆಲಸವದು, ಮೈಸೂರು ಶೈಲಿಯ ಚಿತ್ರಗಾರರು ಒಡವೆಯ ಹರಳು ಬರೆಯುವಾಗ ಉಸಿರು ಬಿಗಿಹಿಡಿಯುತ್ತಾರಲ್ಲ, ಹಾಗೆ. ನೋಡುವವರೂ ಅಷ್ಟೇ ಬಗ್ಗಬೇಕು. ಈ ಚಿತ್ರ ಕನಸಿನ ಹಾಗಿದೆ ಎಂದು ಪಾಠ ಹೇಳಿದ್ದೆ. ಕನಸನ್ನು ಅಷ್ಟು ಚಿಕ್ಕದಾಗಿ ಬರೆದಿದ್ದಾರೆ ಎಂದು ಹೇಳಿದ್ದರೆ ಮಕ್ಕಳಿಗೆ ಅದು ಹೆಚ್ಚು ಹತ್ತಿರವಾಗುತ್ತಿತ್ತೇನೋ.

ಪಾಬ್ಲೊ ಪಿಕಾಸೊ 1907ರಲ್ಲಿ ಬರೆದ ಐವರು ಹೆಂಗಸರ ಚಿತ್ರದ ಮುಂದೆ ಇದಕ್ಕೆ ತದ್ವಿರುದ್ಧ ಅನುಭವ. ಸುಮಾರು ಎಂಟು ಅಡಿ ಎತ್ತರದ ಆ ಚಿತ್ರದಲ್ಲಿ ನಿಂತಿರುವ ಹೆಂಗಸರು ನಮಗಿಂತ ಎತ್ತರದವರು. ನೋಡುವವರನ್ನು ಅವರೇ ಮೇಲಿನಿಂದ ನೋಡುತ್ತಾರೆ. ಬಲಗಡೆಯ ಇಬ್ಬರ ಮುಖಗಳು ಮುಖವಾಡಗಳಂತಿವೆ. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಆಫ್ರಿಕಾದ ಮುಖವಾಡಗಳನ್ನು ಕಂಡು ಪಿಕಾಸೊ ಬೆಚ್ಚಿಬಿದ್ದ ಕಾಲ ಅದು. ಆ ಮುಖವಾಡಗಳನ್ನು ಕೆತ್ತಿದವರ ಹೆಸರು ಯಾರೂ ಬರೆದಿಡಲಿಲ್ಲ ಎನ್ನುವುದು ನನ್ನನ್ನು ಅಲ್ಲಿ ನಿಂತಷ್ಟು ಹೊತ್ತೂ ಬಾಧಿಸಿತು. ದಕ್ಷಿಣ ಕನ್ನಡದ ಭೂತದ ಮುಖವಾಡಗಳನ್ನು ಎರಕ ಹೊಯ್ದವರ ಹೆಸರುಗಳೂ ಹೀಗೆಯೇ ಕಳೆದುಹೋಗಿವೆ.

ಮಧ್ಯಾಹ್ನ ಕಾಲು ಸೋತಾಗ ಕ್ಲಾದ್ ಮೊನೆಯವರ ನೈದಿಲೆಯ ಕೋಣೆ ಸಿಕ್ಕಿತು. ಮೂರು ಕ್ಯಾನ್ವಾಸುಗಳನ್ನು ಒತ್ತಾಗಿ ಜೋಡಿಸಿದ ಒಂದೇ ಚಿತ್ರ. ಮೂರೂ ಸೇರಿ ಇಪ್ಪತ್ತೆಂಟು ಮೊಳದಷ್ಟು ಉದ್ದ. ಎದುರಿಗೆ ಬೆಂಚು ಹಾಕಿದ್ದಾರೆ. ಕೂತು ನೋಡಿದರೆ ಎರಡೂ ಕಣ್ಣಂಚಿನವರೆಗೆ ನೀರೇ; ದಡ ಯಾವ ಕಡೆಯೂ ಇಲ್ಲ. ಎದ್ದು ಹತ್ತಿರ ಹೋದರೆ ನೀರೂ ಇಲ್ಲ, ಹೂವೂ ಇಲ್ಲ, ನೀಲಿ ಹಸಿರು ನೇರಳೆಯ ಒರೆಸು ಗುರುತುಗಳು ಒಂದರ ಮೇಲೊಂದು. ಇದನ್ನು ಬರೆಯುವ ವರ್ಷಗಳಲ್ಲಿ ಮೊನೆಯವರ ಕಣ್ಣಿಗೆ ಪೊರೆ ಬಂದಿತ್ತು, 1923ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಇದಕ್ಕೆ ಮೊದಲು ಮೋಮಾದಲ್ಲಿ ಅವರದೇ ಇನ್ನೊಂದು ದೊಡ್ಡ ನೈದಿಲೆಯ ಚಿತ್ರವಿತ್ತು. 1958ರ ಏಪ್ರಿಲಿನಲ್ಲಿ ಕಟ್ಟಡದಲ್ಲಿ ದುರಸ್ತಿ ನಡೆಯುತ್ತಿದ್ದಾಗ ಬೆಂಕಿ ಬಿದ್ದು ಒಬ್ಬ ಕೆಲಸಗಾರ ಸತ್ತರು, ಆ ಚಿತ್ರವೂ ಸುಟ್ಟುಹೋಯಿತು. ಮರುವರ್ಷ ತಂದದ್ದು ಈ ಮೂರು ಕ್ಯಾನ್ವಾಸಿನದು.

ನಾಲ್ಕನೆಯ ಮಹಡಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಆ್ಯಂಡಿ ವಾರ್ಹಾಲ್ ಅವರ ಹೆಸರಾದ ಸೂಪಿನ ಡಬ್ಬಿಗಳ ಚಿತ್ರಗಳನ್ನೂ ನೋಡಿದೆ, 32 ಡಬ್ಬಿಗಳಿಗೆ 32 ಕ್ಯಾನ್ವಾಸು. ಅವು ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಜಾಕ್ಸನ್ ಪೊಲಾಕ್ ಅವರ 1950ರ ಚಿತ್ರ.

ಆಧುನಿಕ ಕಲೆಯ ಮಾತೆತ್ತಿದರೆ ನಮ್ಮಲ್ಲಿ ಬಹಳ ಜನ ಹೇಳುವ ಮಾತು, ಮಗು ಗೀಚಿದ ಹಾಗಿದೆ, ನಮಗೇನೂ ಅರ್ಥವಾಗುವುದಿಲ್ಲ, ಎಂದು. ಆ ಮಾತಿಗೆ ಮೊದಲ ಗುರಿ ಪೊಲಾಕ್ ಅವರ ಚಿತ್ರಗಳೇ. ಅಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಕಪ್ಪು, ಬಿಳಿ, ಕಂದು, ಬೂದುನೀಲಿ ಬಣ್ಣಗಳ ಎಳೆಗಳು ಒಂದನ್ನೊಂದು ಹಾದು, ಸುತ್ತಿ, ಹರಡಿಕೊಂಡಿವೆ. ಪಾಠದಲ್ಲಿ ಈ ಚಿತ್ರ ಬಂದಾಗ, ಇದು ಅಮೂರ್ತ ಕಲೆ ಎಂದು ಒಂದು ಸಾಲು ಬರೆಸಿ ಮುಂದಕ್ಕೆ ಹೋಗುತ್ತಿದ್ದೆ. ಅಂದು ಅದರ ಮುಂದೆ ನಿಂತಾಗಲೂ ಮೊದಲು ಏನೂ ತೋಚಲಿಲ್ಲ. ಎತ್ತರ ಆರು ಮೊಳಕ್ಕೆ ಸ್ವಲ್ಪ ಕಡಿಮೆ, ಉದ್ದ ಹನ್ನೊಂದೂವರೆ ಮೊಳ. ಒಂದು ಸೀರೆಯನ್ನು ಬಿಡಿಸಿ ಈ ತುದಿ ಆ ತುದಿ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ ಉದ್ದ.

ನನ್ನ ಪತ್ನಿ ಚಿತ್ರದ ಗುಂಟ ಒಂದು ಸಲ ಆ ಕಡೆಗೆ ನಡೆದು, ಮತ್ತೆ ಈ ಕಡೆಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದರು: “ರೀ, ಇದನ್ನು ಗೋಡೆಗೆ ನಿಲ್ಲಿಸಿ ಬರೆದದ್ದಲ್ಲ. ನೆಲಕ್ಕೆ ಹಾಸಿ, ಸುತ್ತ ಓಡಾಡಿಕೊಂಡು ಹಾಕಿದ್ದಾರೆ. ನೋಡಿ, ಇಷ್ಟು ನೀರಾದ ಬಣ್ಣ ಕೆಳಗೆ ಸೋರಿಯೇ ಇಲ್ಲ.”

ಆಕೆ ಚಿತ್ರಕಲೆ ಕಲಿತವರಲ್ಲ. ಮದುವೆಯಾಗಿ ಬಂದ ಮರುದಿನದಿಂದ, ಹಬ್ಬವಿರಲಿ ಇಲ್ಲದಿರಲಿ, ಸಾರಿಸಿದ ಅಂಗಳದಲ್ಲಿ ದಿನ ಬೆಳಗಾದರೆ ರಂಗೋಲಿ ಹಾಕಿದವರು. ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಬೀಳುವಾಗ ಕೈ ನೆಲವನ್ನು ಮುಟ್ಟುವುದಿಲ್ಲ. ಕೈ ಬೇಗ ಸರಿದರೆ ಎಳೆ ಸಣ್ಣಗಾಗುತ್ತದೆ, ನಿಧಾನವಾದರೆ ದಪ್ಪಗಾಗುತ್ತದೆ, ನಿಂತರೆ ಅಲ್ಲೊಂದು ಗುಡ್ಡೆ ಬೀಳುತ್ತದೆ. ಇದು ಆಕೆಯ ಸೊಂಟಕ್ಕೂ ಮಣಿಕಟ್ಟಿಗೂ ಗೊತ್ತಿರುವ ವಿದ್ಯೆ. ಎಳೆ ಎಲ್ಲಿ ಸಣ್ಣಗಾಗಿದೆ, ಎಲ್ಲಿ ಗುಡ್ಡೆ ಬಿದ್ದಿದೆ ಎಂದು ಆಕೆ ಒಂದೊಂದಾಗಿ ತೋರಿಸುತ್ತ ಹೋದ ಹಾಗೆ, ಪೊಲಾಕ್ ಅವರ ಕೈ ಎಲ್ಲಿ ಬೀಸಿ ಹೋಯಿತು, ಎಲ್ಲಿ ತಡೆದು ನಿಂತಿತು ಎನ್ನುವುದು ನನಗೂ ಕಾಣಿಸತೊಡಗಿತು. ಮೊದಲು ಬಿದ್ದ ಎಳೆ ಯಾವುದು, ಅದರ ಮೇಲೆ ಹಾದದ್ದು ಯಾವುದು ಎಂದು ಬಿಡಿಸುತ್ತ ನಾವು ಅಲ್ಲಿ ಅರ್ಧ ಗಂಟೆಯ ಮೇಲೆ ನಿಂತಿದ್ದೆವು.

ಆಕೆ ಊಹಿಸಿದ್ದು ನಿಜ. ಪೊಲಾಕ್ ಅವರು ಲಾಂಗ್ ಐಲೆಂಡಿನ ತಮ್ಮ ಮನೆಯ ಕೊಟ್ಟಿಗೆಯಲ್ಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕಡ್ಡಿಯಿಂದಲೂ ಗಡುಸಾದ ಕುಂಚದಿಂದಲೂ ತೆಳ್ಳನೆಯ ಬಣ್ಣವನ್ನು ಮೇಲಿನಿಂದ ಸುರಿಯುತ್ತಿದ್ದರು. ಮನೆಗೆ ಬಳಿಯುವ ಇನಾಮಲ್ ಪೇಂಟೂ ಅದರಲ್ಲಿ ಸೇರಿದೆ. ನೆಲದ ಮೇಲಿದ್ದರೆ ನಾಲ್ಕೂ ಕಡೆಯಿಂದ ಕೆಲಸ ಮಾಡಬಹುದು, ಚಿತ್ರದೊಳಗೇ ಇರಬಹುದು, ಅಮೆರಿಕದ ಪಶ್ಚಿಮ ಸೀಮೆಯ ಮೂಲನಿವಾಸಿಗಳ ಮರಳುಚಿತ್ರದ ರೀತಿಗೆ ಇದು ಹತ್ತಿರ ಎಂಬ ಅರ್ಥದಲ್ಲಿ ಅವರೇ ಬರೆದಿದ್ದಾರೆ. ನವಾಹೊ ಜನರ ವೈದ್ಯರು ರೋಗಿಯ ಶಾಂತಿಗಾಗಿ ಬಣ್ಣದ ಮರಳನ್ನು ಬೆರಳಿನಿಂದ ಬಿಟ್ಟು ನೆಲದ ಮೇಲೆ ಚಿತ್ರ ಬರೆಯುತ್ತಾರೆ, ವಿಧಿ ಮುಗಿದ ಮೇಲೆ ಅಳಿಸಿಬಿಡುತ್ತಾರೆ. 1941ರಲ್ಲಿ ಇದೇ ಮೋಮಾದಲ್ಲಿ ಮೂಲನಿವಾಸಿಗಳ ಕಲೆಯ ದೊಡ್ಡ ಪ್ರದರ್ಶನ ನಡೆದಾಗ ನವಾಹೊ ಕಲಾವಿದರು ಬಂದು ಜನರೆದುರು ಮರಳುಚಿತ್ರ ಹಾಕಿ ತೋರಿಸಿದ್ದರು. ಆ ಪ್ರದರ್ಶನವನ್ನು ಪೊಲಾಕ್ ನೋಡಿದ್ದರು. ಪೊಲಾಕ್ ಅವರಿಗೆ ನಮ್ಮ ರಂಗೋಲಿ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ನೆಲದಲ್ಲಿ ಬೆಳೆದ ವಿದ್ಯೆಗಳು. ಆದರೆ ಚಿತ್ರದ ಅರ್ಥವೇನು ಎಂಬ ಪ್ರಶ್ನೆಯನ್ನು ಅಷ್ಟು ಹೊತ್ತು ಬದಿಗಿಟ್ಟು, ಇದನ್ನು ಹೇಗೆ ಮಾಡಿದರು ಎಂದು ನೋಡಿದ್ದರಿಂದ, ನಾನು ಮೂವತ್ತೆರಡು ವರ್ಷ ಒಂದೇ ಸಾಲಿನಲ್ಲಿ ಮುಗಿಸಿದ್ದ ಚಿತ್ರದೊಳಕ್ಕೆ ಆಕೆಯ ಹಿಂದೆ ನಾನೂ ಹೋಗಲು ಸಾಧ್ಯವಾಯಿತು.

ಊರಿಗೆ ಮರಳಿದ ಮೇಲೆ, ಈಗಿನ ಡ್ರಾಯಿಂಗ್ ಮೇಷ್ಟ್ರ ಅನುಮತಿ ಕೇಳಿ, ನಾನು ಕೆಲಸ ಮಾಡಿದ ಶಾಲೆಗೆ ಒಂದು ಶನಿವಾರ ಟೇಪು ಮತ್ತು ಸೀಮೆಸುಣ್ಣ ಹಿಡಿದು ಹೋದೆ. ಎಂಟನೆಯ ತರಗತಿಯ ಗೋಡೆಯ ಮೇಲೆ ಡಾಲಿಯವರ ಚಿತ್ರದ ಅಳತೆಗೆ ಒಂದು ಚೌಕಟ್ಟು ಎಳೆದೆವು. ಇಷ್ಟೇನಾ ಸಾರ್ ಎಂದು ಮಕ್ಕಳು ಪುಸ್ತಕದ ಚಿತ್ರವನ್ನು ತಂದು ಅದರ ಪಕ್ಕ ಹಿಡಿದು ನೋಡಿದರು. ತಾರೆಗಳ ರಾತ್ರಿಯ ಚೌಕಟ್ಟು ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಹಿಡಿಸಿತು. ಪೊಲಾಕ್ ಅವರ ಚಿತ್ರಕ್ಕೆ ಮಾತ್ರ, ಬಾಗಿಲು ಕಿಟಕಿಗಳ ನಡುವೆ ಅಷ್ಟುದ್ದದ ಗೋಡೆ ಆ ಕೋಣೆಯಲ್ಲಿ ಎಲ್ಲೂ ಸಿಗಲಿಲ್ಲ. ಹೊರಗೆ ಪ್ರಾರ್ಥನೆಗೆ ನಿಲ್ಲುವ ಅಂಗಳಕ್ಕೆ ಹೋಗಿ ನೆಲದ ಮೇಲೆ ಅಳೆದು ಗೆರೆ ಎಳೆದೆವು. ನಾನು ಹೇಳುವ ಮೊದಲೇ ಮಕ್ಕಳು ಗೆರೆಯ ಒಳಗೆ ಇಳಿದಿದ್ದರು, ಒಬ್ಬ ಹುಡುಗಿ ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದು, ಎಲ್ಲಿಂದ ಶುರು ಮಾಡಲಿ ಸಾರ್ ಎಂದು ಕೇಳುತ್ತಿದ್ದಳು.

ನಮಸ್ಕಾರ.