ವೆಬ್‌ಮಿನ್ ಲಾಗಿನ್ ಪೇಜ್ ಊರಿಗೆಲ್ಲ ಯಾಕೆ ಕಾಣಬೇಕು?

ಪರದೆ: ಬ್ರೌಸರ್‌ನಲ್ಲಿ ವೆಬ್‌ಮಿನ್ ಲಾಗಿನ್, ವಿಳಾಸದ ತುದಿಯಲ್ಲಿ 10000.

ನಮಸ್ಕಾರ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಹೋಮ್‌ಸ್ಟೇ ಬುಕಿಂಗ್ ಸೈಟ್‌ಗಳನ್ನ ನೋಡ್ಕೊಳ್ಳೋರು ಒಂದು ವಿಪಿಎಸ್, ಅಂದ್ರೆ ಬಾಡಿಗೆ ಸರ್ವರ್, ತಗೊಂಡು ಅದನ್ನ ಬ್ರೌಸರ್‌ನಿಂದಲೇ ನಿಭಾಯಿಸೋಕೆ ವೆಬ್‌ಮಿನ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡಿರ್ತಾರೆ. ರೂಮ್ ಬುಕ್ ಮಾಡೋರಿಗೆ ಬೇಕಾಗಿರೋದು ವೆಬ್‌ಸೈಟ್ ತೆರೆಯೋ 80 ಮತ್ತು 443 ಪೋರ್ಟ್ (ಸರ್ವರ್‌ನ ಬಾಗಿಲು ಇದ್ದಂಗೆ) ಅಷ್ಟೇ. ವೆಬ್‌ಮಿನ್‌ನ 10000 ಬೇಕಾಗಿರೋದು ನಿಮಗೆ ಮಾತ್ರ. ಅದನ್ನ ಇಂಟರ್ನೆಟ್‌ಗೆ ತೆರೆದಿಡಬೇಡಿ.

ಪಾಸ್‌ವರ್ಡ್ ಗಟ್ಟಿಯಾಗಿದೆಯಲ್ಲ ಅಂತೀರಾ? 2018ರಲ್ಲಿ ವೆಬ್‌ಮಿನ್‌ನ ಬಿಲ್ಡ್ ಸರ್ವರ್‌ಗೇ (ಆ ಸಾಫ್ಟ್‌ವೇರ್ ತಯಾರಾಗೋ ಕಡೆಗೇ) ಯಾರೋ ನುಗ್ಗಿ ಕಳ್ಳ ಕೋಡ್ ಸೇರಿಸಿದ್ರು. ಬೆಳಕಿಗೆ ಬಂದಿದ್ದು 2019ರಲ್ಲಿ. 1.890 ಆವೃತ್ತಿಯಲ್ಲಂತೂ ಡೀಫಾಲ್ಟ್ ಸೆಟ್ಟಿಂಗ್ ಇದ್ದರೂ ಸಾಕು, ಲಾಗಿನ್ನೇ ಇಲ್ಲದೆ ರೂಟ್ ಆಗಿ, ಅಂದ್ರೆ ಸರ್ವರ್‌ನ ಪೂರ್ತಿ ಅಧಿಕಾರದಲ್ಲಿ, ಕಮ್ಯಾಂಡ್ ಓಡಿಸಬಹುದಿತ್ತು. 1.930ರಲ್ಲಿ ಸರಿಪಡಿಸಿದ್ರು. ಇಂಥ ಕಡೆ ನಿಮ್ಮ ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಲೆಕ್ಕಕ್ಕೆ ಬರಲ್ಲ.

ಪರದೆ: ಟರ್ಮಿನಲ್.

ಮೊದಲು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಸುರಕ್ಷಿತವಾಗಿ ಹೋಗೋ ದಾರಿ) ಪಾಸ್‌ವರ್ಡ್ ಬದಲು ಕೀ ಫೈಲ್ ಬಳಸಿ ಲಾಗಿನ್ ಆಗುತ್ತಾ ನೋಡ್ಕೊಳ್ಳಿ. ಆಮೇಲೆ ಇಟಿಸಿ ಒಳಗಿನ ವೆಬ್‌ಮಿನ್ ಫೋಲ್ಡರ್‌ನಲ್ಲಿ ಮಿನಿಸರ್ವ್ ಡಾಟ್ ಕಾನ್ಫ್ ತೆಗೆದು ‘ಬೈಂಡ್=127.0.0.1’ ಅಂತ ಒಂದು ಸಾಲು ಸೇರಿಸಿ. 127.0.0.1 ಅಂದ್ರೆ ಆ ಸರ್ವರ್ ಒಳಗಿಂದ ಮಾತ್ರ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ. ವೆಬ್‌ಮಿನ್ ರೀಸ್ಟಾರ್ಟ್ ಮಾಡಿ, ಯಾವ ಪೋರ್ಟ್ ತೆರೆದಿದೆ ಅಂತ ತೋರಿಸೋ ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಕೊಡಿ. 0.0.0.0:10000 (ಎಲ್ಲ ಕಡೆಯಿಂದ ತೆರೆದಿದ್ದು) ಇದ್ದ ಕಡೆ ಈಗ 127.0.0.1:10000 ಬರಬೇಕು.

ಇನ್ನು ವೆಬ್‌ಮಿನ್ ಒಳಗೆ ಹೋಗೋದು ಎಸ್‌ಎಸ್‌ಎಚ್ ಟನಲ್‌ನಲ್ಲಿ, ಅಂದ್ರೆ ನಿಮ್ಮ ಕಂಪ್ಯೂಟರ್‌ನ ಪೋರ್ಟನ್ನ ಎಸ್‌ಎಸ್‌ಎಚ್ ಮೂಲಕ ಸರ್ವರ್‌ನ ಪೋರ್ಟ್‌ಗೆ ಜೋಡಿಸೋದು. ವಿಂಡೋಸ್‌ನಲ್ಲಿ ಎಸ್‌ಎಸ್‌ಎಚ್‌ಗೆ ಪುಟ್ಟಿ ಅನ್ನೋ ಪ್ರೋಗ್ರಾಮ್ ಬಳಸ್ತಿದ್ರೆ ಕನೆಕ್ಷನ್, ಎಸ್‌ಎಸ್‌ಎಚ್, ಟನಲ್ಸ್‌ಗೆ ಹೋಗಿ. ಸೋರ್ಸ್ ಪೋರ್ಟ್ 10000, ಡೆಸ್ಟಿನೇಷನ್ 127.0.0.1:10000 ಹಾಕಿ ಆ್ಯಡ್ ಒತ್ತಿ. ಎಷ್ಟೋ ಜನ ಆ್ಯಡ್ ಒತ್ತದೆ ಓಪನ್ ಒತ್ತಿಬಿಡ್ತಾರೆ, ಟನಲ್ ಆಗೋದೇ ಇಲ್ಲ. ಲಾಗಿನ್ ಆದಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:10000 ತೆರೀರಿ, ಎಚ್‌ಟಿಟಿಪಿಎಸ್‌ನಲ್ಲೇ.

ನಮ್ಮ ಆಫೀಸಿನ ಐಪಿಗೆ ಮಾತ್ರ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಲದಾ ಅಂತೀರಾ? ಬದಲಾಗದ ಸ್ಟ್ಯಾಟಿಕ್ ಐಪಿ ಇದ್ದರೆ ಸರಿ. ಇಲ್ಲದಿದ್ರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ರೌಟರ್ ಮತ್ತೆ ಆನ್ ಆದಾಗ ಐಪಿ ಬದಲಾಗಬಹುದು, ನೀವೇ ಹೊರಗೆ ಉಳೀತೀರಿ. ಟನಲ್‌ಗೆ ಈ ತಾಪತ್ರಯ ಇಲ್ಲ.

ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ. ಹಳೇ ಸೆಷನ್ ಮುಚ್ಚೋ ಮುಂಚೆ ಹೊಸದೊಂದು ತೆರೆದು ನೋಡಿ.

ಪಿಎಚ್‌ಪಿ‌ಮೈಅಡ್ಮಿನ್ (ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡ್ಕೊಳ್ಳೋ ಸಾಧನ) ಡಾಕರ್‌ನಲ್ಲಿ, ಅಂದ್ರೆ ಪ್ರೋಗ್ರಾಮ್‌ಗಳನ್ನ ಕಂಟೇನರ್ ಅನ್ನೋ ಡಬ್ಬಿಗಳಲ್ಲಿ ಓಡಿಸೋ ಸಾಫ್ಟ್‌ವೇರ್‌ನಲ್ಲಿ, ಓಡ್ತಿದ್ರೆ ಇನ್ನೂ ಹುಷಾರು. ಡಾಕರ್ ತನ್ನ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮ ತಾನೇ ಬರ್ಕೊಳ್ಳುತ್ತೆ. ಯುಎಫ್‌ಡಬ್ಲ್ಯೂ ಅನ್ನೋ ಫೈರ್‌ವಾಲ್ ಸಾಧನದಲ್ಲಿ ಅದರ 8080 ಪೋರ್ಟ್ ಮುಚ್ಚಿದ್ರೂ ಹೊರಗಿಂದ ತೆರೆಯುತ್ತೆ. ಹಾಗಾಗಿ ಪೋರ್ಟ್ ಸಾಲಿನಲ್ಲಿ 8080:80 ಬದಲು 127.0.0.1:8080:80 ಬರೆದು ಕಂಟೇನರ್ ಮತ್ತೆ ಕಟ್ಟಿ. ಆಮೇಲೆ ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಡೇಟಾದಲ್ಲಿ ಸರ್ವರ್ ಐಪಿಗೆ 8080, 10000 ಎರಡನ್ನೂ ಹಾಕಿ ನೋಡಿ. ಎರಡೂ ತೆರೆಯಬಾರದು.