ಮಡ್‌ಗಾರ್ಡ್ ಬಿಚ್ಚಿದ ಮೇಲೆ ಕಂಡ ಚೆಲುವು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿನ ಅಂದವನ್ನು ರೇಡಿಯೋದಲ್ಲಿ ಹೇಳುವುದು ಸ್ವಲ್ಪ ಪೇಚಿನ ಕೆಲಸವೇ. ಆದರೂ ಈ ಕಾರಿನ ವಿಚಾರದಲ್ಲಿ ಧೈರ್ಯ ಮಾಡಬಹುದು. ಯಾಕೆಂದರೆ ಇದರಲ್ಲಿ ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ. ತಲೆಯ ಮೇಲೆ ಚಾವಣಿ ಇಲ್ಲ, ಪಕ್ಕದಲ್ಲಿ ಕಿಟಕಿ ಗಾಜಿಲ್ಲ, ಮಡ್‌ಗಾರ್ಡ್ ಇಲ್ಲ, ಬಂಪರ್ ಇಲ್ಲ, ಎಷ್ಟೋ ಸಲ ಬಾನೆಟ್ಟೂ ಇಲ್ಲ. ಅಮೆರಿಕದ ಹಾಟ್ ರಾಡ್ ರೋಡ್‌ಸ್ಟರ್ ಅಂದರೆ ಇದು.

ರೋಡ್‌ಸ್ಟರ್ ಎಂದರೆ ಇಬ್ಬರು ಕೂರುವ ತೆರೆದ ಕಾರು. ಮಳೆ ಬಂದರೆ ಬಟ್ಟೆಯ ಹುಡ್ ಎಳೆದುಕೊಳ್ಳಬೇಕು. ಇದು ಕಂಪನಿಯ ಅಗ್ಗದ ಮಾಡೆಲ್ಲು. ತೂಕವೂ ಕಡಿಮೆ. ನಾಲ್ಕೈದು ವರ್ಷ ಹಳೆಯದಾದ ಮೇಲೆ ಇಂಥದ್ದನ್ನು ಕೊಂಡು, ಬೇಡದ್ದನ್ನೆಲ್ಲ ಬಿಚ್ಚಿ, ಇಂಜಿನ್ನಿಗೆ ಇನ್ನಷ್ಟು ಶಕ್ತಿ ತುಂಬಿ, ಓಟಕ್ಕೆ ಇಳಿಸಿದರೆ ಅದು ಹಾಟ್ ರಾಡ್. ಮಾಡಿದವರು ಶ್ರೀಮಂತರಲ್ಲ. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುತ್ತಿದ್ದ ಹುಡುಗರು.

ಜಾಗ ದಕ್ಷಿಣ ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸ್‌ನಿಂದ ಬೆಟ್ಟ ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯುರಾಕ್, ಎಲ್ ಮಿರಾಜ್ ಅಂತ ಬತ್ತಿದ ಕೆರೆಗಳಿವೆ. ಮೈಲಿಗಟ್ಟಲೆ ಚಪ್ಪಟೆ ನೆಲ, ಗಟ್ಟಿ ಮಣ್ಣು. 1930ರ ದಶಕದಲ್ಲಿ ಹುಡುಗರು ವಾರವಿಡೀ ಕೆಲಸಕ್ಕೆ ಓಡಿಸಿದ ಕಾರನ್ನೇ ಅಲ್ಲಿಗೆ ತರುತ್ತಿದ್ದರು. ಹೆಡ್‌ಲೈಟು, ಮುಂದಿನ ಗ್ಲಾಸು, ಮಡ್‌ಗಾರ್ಡು ಎಲ್ಲ ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಎಷ್ಟು ವೇಗ ಬಂತು ಅಂತ ಅಳೆಸಿಕೊಂಡು, ಮತ್ತೆ ಜೋಡಿಸಿಕೊಂಡು ಮನೆಗೆ ಹೊರಡುತ್ತಿದ್ದರು. 1937ರಲ್ಲಿ ಅಲ್ಲಿನ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ಎಲ್ಲೆಂದರಲ್ಲಿ ನುಗ್ಗುತ್ತಿದ್ದ ಓಟಕ್ಕೆ ಒಂದು ಕ್ರಮ ಬಂತು.

ಈ ಬಿಚ್ಚುವ, ಜೋಡಿಸುವ ಕೆಲಸದ ನಡುವೆ ಹುಡುಗರಿಗೆ ಬಿಚ್ಚಿದ ರೂಪವೇ ಹಿಡಿಸಿಬಿಟ್ಟಿತು. ಈ ಕಾರಿನ ಅಂದವನ್ನು ಯಾವ ಡಿಸೈನರನೂ ಕಾಗದದ ಮೇಲೆ ಬರೆಯಲಿಲ್ಲ. ಮೊದಲು ವೇಗಕ್ಕೆ ಬೇಕಾಯಿತು, ಆಮೇಲೆ ಕಣ್ಣಿಗೆ ಬೇಕಾಯಿತು.

ಹಾಗಾದರೆ ಎಲ್ಲ ಹಳೆಯ ಕಾರೂ ಬಿಚ್ಚಿದರೆ ಚೆಂದ ಕಾಣುತ್ತದಾ? ಇಲ್ಲ. ಬಹಳಷ್ಟು ಕಾರುಗಳ ಮಡ್‌ಗಾರ್ಡ್ ತೆಗೆದರೆ ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟಾದ ಚಾಸಿಸ್ಸು, ನಟ್ಟು, ಬೋಲ್ಟು ಎಲ್ಲ ಬಯಲಾಗಿ ಅಸಹ್ಯವಾಗಿ ಕಾಣುತ್ತದೆ. ಹಾಗಾಗದ ಒಂದು ಕಾರು 1932ರ ಫೋರ್ಡ್. ಅಭಿಮಾನಿಗಳು ಪ್ರೀತಿಯಿಂದ ಅದನ್ನು 'ಡ್ಯೂಸ್' ಅನ್ನುತ್ತಾರೆ. ಹೆನ್ರಿ ಫೋರ್ಡರ ಮಗ ಎಡ್ಸೆಲ್ ಫೋರ್ಡ್ ಮುಂದೆ ನಿಂತು ಇದರ ರೂಪ ತಿದ್ದಿಸಿದ್ದರು. ಬೇರೆ ಕಾರುಗಳಲ್ಲಿ ಚಾಸಿಸ್ಸಿನ ಪಕ್ಕ ಮುಚ್ಚಿಹೋಗುತ್ತಿತ್ತು. ಇದರಲ್ಲಿ ಅದು ಬಾಡಿಯ ಕೆಳಗೆ ಹೊರಗೇ ಕಾಣುತ್ತದೆ. ಕಾಣುತ್ತದೆ ಅಂತಲೇ ಆ ಉಕ್ಕಿನ ಪಟ್ಟಿಯ ಮೇಲೆ ಉದ್ದಕ್ಕೂ ಒಂದು ತೆಳುವಾದ ಗೆರೆಯನ್ನು ಪ್ರೆಸ್ಸಿನಲ್ಲೇ ಒತ್ತಿದ್ದಾರೆ. ಮುಂದಿನ ತುದಿಯಿಂದ ಹೊರಟ ಗೆರೆ ಬಾಗಿಲ ಕೆಳಗೆ ಹಾದು ಹಿಂದಿನ ಚಕ್ರದ ಹತ್ತಿರ ಮೇಲೇರುತ್ತದೆ. ಮಡ್‌ಗಾರ್ಡ್ ಕಿತ್ತರೂ ಕಾರು ಬೆತ್ತಲೆಯಾಗಲಿಲ್ಲ. ಹಾಗೆ ಕಿತ್ತು, ಬಾಡಿಯನ್ನು ಚಾಸಿಸ್ಸಿನ ಮೇಲೆಯೇ ಬಿಟ್ಟ ರೋಡ್‌ಸ್ಟರಿಗೆ 'ಹೈಬಾಯ್' ಅಂತ ಹೆಸರು.

ಇನ್ನೊಂದು ಕಾರಣ ಇಂಜಿನ್. ಸಾಮಾನ್ಯ ಜನರ ಕೈಗೆಟುಕುವ ಬೆಲೆಯಲ್ಲಿ ವಿ-8 ಇಂಜಿನ್, ಅಂದರೆ ಎಂಟು ಸಿಲಿಂಡರು ವಿ ಆಕಾರದಲ್ಲಿ ಇರುವ ಇಂಜಿನ್, ಸಿಕ್ಕಿದ್ದು ಆ ವರ್ಷವೇ. 221 ಕ್ಯೂಬಿಕ್ ಇಂಚು, ಅಂದರೆ ಸುಮಾರು 3.6 ಲೀಟರ್. ಶಕ್ತಿ 65 ಹಾರ್ಸ್‌ಪವರ್. ಇವತ್ತಿನ ಸಣ್ಣ ಕಾರಿಗೂ ಅಷ್ಟಿರುತ್ತದೆ ಬಿಡಿ. ಆದರೆ ಆ ಕಾಲಕ್ಕೆ, ಅದೂ ಆರ್ಥಿಕ ಮುಗ್ಗಟ್ಟಿನ ನಡುವೆ, ಅದು ದೊಡ್ಡ ಮಾತು. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇರುವುದರಿಂದ ಮೇಲಿನ ಹೆಡ್ಡು ಚಪ್ಪಟೆ. ಅದಕ್ಕೇ 'ಫ್ಲಾಟ್‌ಹೆಡ್' ಅನ್ನುತ್ತಾರೆ. ಅದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು, ಮೂರು ಕೂರಿಸುವ ಮ್ಯಾನಿಫೋಲ್ಡ್ ಎಂಬ ಕೊಳವೆ ಮಾಡಿ ಮಾರಿಯೇ ವಿಕ್ ಎಡೆಲ್‌ಬ್ರಾಕ್ ಹೆಸರು ಮಾಡಿದರು. ಅವರು ತಮ್ಮದೇ 1932ರ ರೋಡ್‌ಸ್ಟರಿನಲ್ಲಿ ಆ ಸಾಮಾನನ್ನು ಪರೀಕ್ಷೆ ಮಾಡುತ್ತಿದ್ದರು.

ಡ್ಯೂಸಿನ ಆ ರೂಪ ಒಂದೇ ವರ್ಷದ್ದು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇದ್ದ 106 ಇಂಚು ಅಂತರ 1933ಕ್ಕೆ 112 ಆಯಿತು, ಬಾಡಿಯೂ ಬದಲಾಯಿತು. ಬಾನೆಟ್ಟಿನ ಪಕ್ಕದಲ್ಲಿ ಬಿಸಿಗಾಳಿ ಹೋಗಲು ಸೀಳುಗಳಿರುತ್ತವಲ್ಲ, ಆ ವರ್ಷದ ಮೊದಲ ಕಾರುಗಳಲ್ಲಿ ಅವು 20, ಆಮೇಲೆ ಬಂದವುಗಳಲ್ಲಿ 25. ಅಭಿಮಾನಿಗಳು ಕಾರಿನ ಹತ್ತಿರ ಬಂದವರೇ ಬಗ್ಗಿ ಅದನ್ನು ಎಣಿಸುತ್ತಾರೆ! ಹುಚ್ಚು ಅನ್ನಿ, ಆದರೆ ಪ್ರೀತಿಯ ಹುಚ್ಚು.

ಇನ್ನು ನಿಲುವು. ಕಾರು ನಿಂತಾಗ ಮೂತಿ ಕೆಳಗೆ, ಹಿಂಭಾಗ ಮೇಲೆ. ತಲೆ ತಗ್ಗಿಸಿ ನುಗ್ಗಲು ನಿಂತ ಹೋರಿಯ ಹಾಗೆ. ಇದಕ್ಕೂ ಕಾರಣ ಓಟವೇ. ಹಿಂದೆ ದೊಡ್ಡ ಟೈರು ಹಾಕಿದರೆ ಇಂಜಿನ್ ಅಷ್ಟೇ ಸುತ್ತಿದರೂ ಕಾರು ಜಾಸ್ತಿ ದೂರ ಹೋಗುತ್ತದೆ, ಗರಿಷ್ಠ ವೇಗ ಏರುತ್ತದೆ. ಮುಂದೆ ಸಣ್ಣ ಟೈರು ಸಾಕು. ಮುಂದಿನ ಆಕ್ಸಲ್ಲನ್ನು ಕಾಯಿಸಿ, ತುದಿಗಳ ಹತ್ತಿರ ಬಗ್ಗಿಸಿ, ಕಾರನ್ನು ಇನ್ನೂ ತಗ್ಗಿಸುತ್ತಿದ್ದರು. ಮುಂದಿನ ಗ್ಲಾಸಿನ ಚೌಕಟ್ಟನ್ನು ಎರಡು ಇಂಚು ಕತ್ತರಿಸಬೇಕಾ, ಮೂರು ಇಂಚಾ ಅನ್ನುವುದರ ಮೇಲೆ ಇವತ್ತಿಗೂ ಜಗಳವಿದೆ. ನನ್ನನ್ನು ಕೇಳಿದರೆ, ಗಿಡ್ಡ ಮಾಡಿದಷ್ಟೂ ಚೆಂದ ಅನ್ನುವವರು ಒಳಗೆ ಕೂರುವವನ ಕಣ್ಣನ್ನು ಮರೆತಿರುತ್ತಾರೆ.

ಇದನ್ನೆಲ್ಲ ಹದವಾಗಿ ಕಲಸಿದವರು ಡೋನ್ ಸ್ಪೆನ್ಸರ್. 1940ರ ದಶಕದಲ್ಲಿ ಅವರು ಕಟ್ಟಿದ ಕಪ್ಪು 1932ರ ರೋಡ್‌ಸ್ಟರ್ ನೋಡಿ. ಮುಂದಿನ ಗ್ಲಾಸು ಒಂದೇ ಹಲಗೆಯಲ್ಲ. ನಡುವೆ ಕೂಡುವ ಎರಡು ಗಾಜು, ಹಿಂದಕ್ಕೆ ಒರಗಿವೆ. ಜಾರ್ಜ್ ಡುವಾಲ್ ರೂಪಿಸಿದ ಚೌಕಟ್ಟು ಅದು. ಪಕ್ಕದಿಂದ ನೋಡಿದರೆ ಇಡೀ ಕಾರು ಗಾಳಿಗೆ ಮುಖ ಕೊಟ್ಟಂತೆ ಕಾಣುತ್ತದೆ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಇನ್ನೂ ಸೊಗಸು. ಮೆಕ್ಸಿಕೋದ ದೂರದ ರಸ್ತೆ ಓಟಕ್ಕೆ ಹೋಗುವ ಆಸೆ ಅವರಿಗಿತ್ತು. ಅಲ್ಲಿನ ರಸ್ತೆಯ ಕಲ್ಲು ತಾಗಬಾರದು ಅಂತ ಸೈಲೆನ್ಸರ್ ಪೈಪೂ ಸೇರಿ ಯಾವುದೂ ಕೆಳಗೆ ಜೋತಾಡದ ಹಾಗೆ ಎಲ್ಲವನ್ನೂ ಮೇಲಕ್ಕೆ ಸೇರಿಸಿದ್ದರು. ಯಾರೂ ನೋಡದ ಜಾಗದಲ್ಲಿ ಅಷ್ಟು ಅಚ್ಚುಕಟ್ಟು. 1997ರಲ್ಲಿ ಪೆಬಲ್ ಬೀಚ್‌ನ ಪ್ರತಿಷ್ಠಿತ ಕಾರು ಪ್ರದರ್ಶನದವರು ಮೊದಲ ಬಾರಿ ಹಾಟ್ ರಾಡ್‌ಗಳನ್ನು ಒಳಗೆ ಬಿಟ್ಟರು. ರೋಲ್ಸ್ ರಾಯ್ಸ್, ಬುಗಾಟಿಗಳ ಹುಲ್ಲುಹಾಸಿನ ಮೇಲೆ ಗ್ಯಾರೇಜಿನ ಹುಡುಗರ ಕಾರು! ಆ ವಿಭಾಗದ ಮೊದಲ ಬಹುಮಾನ ಇದಕ್ಕೇ ಬಂತು.

ಪ್ರದರ್ಶನಗಳ ಕಥೆ ಬೇರೆಯೇ ಇದೆ. ಓಕ್‌ಲೆಂಡ್‌ನಲ್ಲಿ 1950ರಿಂದ 'ಅಮೆರಿಕದ ಅತಿ ಸುಂದರ ರೋಡ್‌ಸ್ಟರ್' ಅಂತ ಬಹುಮಾನ ಕೊಡಲು ಶುರು ಮಾಡಿದರು. ಟ್ರೋಫಿಯೇ ಆಳೆತ್ತರ ಮೀರಿದ್ದು. ಮೊದಲ ವರ್ಷ ಗೆದ್ದದ್ದು ಬಿಲ್ ನೀಕ್ಯಾಂಪ್ ಅವರ ನೀಲಿ ಬಣ್ಣದ 1929ರ ಫೋರ್ಡ್. ಅವರು ಅದೇ ಕಾರನ್ನು ಆಮೇಲೆ ಕೆರೆಯಂಗಳಕ್ಕೆ ಒಯ್ದು ಗಂಟೆಗೆ 140 ಮೈಲಿ ಮೀರಿ ಓಡಿಸಿದರು. ಅದು ನನಗೆ ಇಷ್ಟ. ಈಗ ಆ ಪ್ರದರ್ಶನಕ್ಕೆ ಬರುವ ಎಷ್ಟೋ ಕಾರುಗಳಲ್ಲಿ ಸ್ಕ್ರೂ ಕೂಡ ಕನ್ನಡಿ, ಆದರೆ ಟೈರಿಗೆ ಧೂಳೇ ತಾಗಿರುವುದಿಲ್ಲ. ಬಣ್ಣದ ಕೆಲಸಕ್ಕೆ ಕೈ ಮುಗಿಯಬೇಕು, ನಿಜ. ಆದರೂ ಸುಮ್ನೆ ನಿಲ್ಲಿಸಿಕೊಳ್ಳುವುದಕ್ಕೆ ಹಾಟ್ ರಾಡ್ ಯಾಕೆ ಬೇಕು, ಅಲ್ವಾ?

ನಮ್ಮ ವಿಂಟೇಜ್ ಕಾರು ಪ್ರಿಯರಿಗೆ ಇದನ್ನು ಕೇಳಿ ಹೊಟ್ಟೆ ಉರಿಯಬಹುದು. ಕಂಪನಿಯಿಂದ ಬಂದ ಹಾಗೇ ಇರಬೇಕು ಅಂತ ಒಂದು ದೀಪಕ್ಕಾಗಿ ಊರೂರು ಅಲೆಯುವವರು ಅವರು. ಇಲ್ಲಿ ನೋಡಿದರೆ 1932ರ ಬಾಡಿಗೆ 1939ರ ಹೈಡ್ರಾಲಿಕ್ ಬ್ರೇಕು, 1940ರ ಸ್ಟೇರಿಂಗು, 1950ರ ಪಾಂಟಿಯಾಕ್‌ನ ಹಿಂದಿನ ದೀಪ! ನಮ್ಮಲ್ಲಿ ಹೀಗೆ ಮಾಡಿ ರಸ್ತೆಗಿಳಿಸಿದರೆ ಆರ್‌ಟಿಒ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಅಮೆರಿಕದಲ್ಲಿ 1932ರ ಬಾಡಿಯನ್ನು ಹೊಸ ಉಕ್ಕಿನಲ್ಲೇ ಒತ್ತಿ ಮಾರುವವರಿದ್ದಾರೆ. ಹಳೆಯ ಕಾರಿನ ಒಂದು ಬೋಲ್ಟೂ ಇಲ್ಲದೆ ಡ್ಯೂಸ್ ಕಟ್ಟಬಹುದು. 2014ರಲ್ಲಿ ಅಲ್ಲಿನ ಅಂಚೆ ಇಲಾಖೆ ಈ ರೋಡ್‌ಸ್ಟರಿನ ಸ್ಟಾಂಪುಗಳನ್ನೂ ತಂದಿತು.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳೋ ನೆಂಟರೋ ಇದ್ದು, ನೀವು ಅಲ್ಲಿಗೆ ಹೋಗುವುದಿದ್ದರೆ ಒಂದು ಮಾತು. 'ಅತಿ ಸುಂದರ ರೋಡ್‌ಸ್ಟರ್' ಬಹುಮಾನದ ಪ್ರದರ್ಶನ ಈಗ ಲಾಸ್ ಏಂಜಲೀಸ್ ಹತ್ತಿರದ ಪೊಮೋನಾದಲ್ಲಿ ಚಳಿಗಾಲದಲ್ಲಿ ನಡೆಯುತ್ತದೆ. ಆದರೆ ಒಂದನ್ನೇ ನೋಡಲು ಸಮಯವಿದ್ದರೆ ಎಲ್ ಮಿರಾಜ್‌ಗೆ ಹೋಗಿ. 1937ರ ಅದೇ ಟೈಮಿಂಗ್ ಅಸೋಸಿಯೇಷನ್ ಇವತ್ತಿಗೂ ಅಲ್ಲಿ ಓಟ ನಡೆಸುತ್ತದೆ, ರೋಡ್‌ಸ್ಟರುಗಳಿಗೆ ಬೇರೆ ವರ್ಗಗಳೇ ಇವೆ. ಟೋಪಿ ಹಾಕಿಕೊಳ್ಳಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಆ ಬಯಲಿನಲ್ಲಿ ಒಂದು ಮರದ ನೆರಳೂ ಸಿಗುವುದಿಲ್ಲ.

ನಮಸ್ಕಾರ.