ವರ್ಗಣಿ ಅಂದ್ರ ರೊಕ್ಕ ಅಲ್ಲ, ನೂಲು: ಬೆಳಗಾವಿ 1924

[ದೃಶ್ಯ: ಟಿಳಕವಾಡಿ, ಎರಡನೇ ರೈಲ್ವೆ ಗೇಟ್. ಗೇಟ್ ಬಿದ್ದೈತಿ, ಬೈಕಿನ ಸಾಲು.]

ನಮಸ್ಕಾರ್ರಿ. ರೈಲು ಹೋಗೂತನಕಾ ಒಂದು ಮಾತು. ನಾವು ನಿಂತಿರೂ ಈ ರಸ್ತೆಗೆ ಕಾಂಗ್ರೆಸ್ ರೋಡ್ ಅಂತ ಹೆಸರು ಯಾಕ ಬಂತು? 1924ರ ಡಿಸೆಂಬರ್ 26, 27ಕ್ಕ ಇಲ್ಲೇ ಟಿಳಕವಾಡಿಯೊಳಗ ಕಾಂಗ್ರೆಸ್ಸಿನ 39ನೇ ಅಧಿವೇಶನ ಆತು. ಗಾಂಧೀಜಿ ಅಧ್ಯಕ್ಷರಾಗಿ ಕುಂತಿದ್ದು ಜೀವಮಾನದಾಗ ಇದೊಂದ ಸಲ.

ಇಷ್ಟು ನಿಮಗ ಸಾಲ್ಯಾಗ ಹೇಳಿರ್ತಾರ, ಅಲ್ಲಿಗೇ ಬಿಟ್ಟೂ ಬಿಟ್ಟಿರ್ತಾರ. ಬಂದವರು ಏನು ಠರಾವ್ ಮಾಡಿದ್ರು ಅನ್ನೋದನ್ನ ಯಾರೂ ಹೇಳಂಗಿಲ್ಲ.

[ದೃಶ್ಯ: ಕಾಂಗ್ರೆಸ್ ಬಾವಿ. ಕ್ಯಾಮೆರಾ ಕಲ್ಲಿನ ಕಟ್ಟಿ ಮ್ಯಾಲಿಂದ ಕೆಳಗ.]

ಮೊದಲು ನೀರಿನ ಮಾತು. ಬೆಳಗಾವಿ ಹತ್ತಿರದ ಹುದಲಿ ಹಳ್ಳಿಯ ಕಾಂಗ್ರೆಸ್ ಮುಖಂಡ ಗಂಗಾಧರರಾವ್ ದೇಶಪಾಂಡೆಯವರು ಇಲ್ಲಿ ‘ವಿಜಯನಗರ’ ಅಂತ ಒಂದು ಡೇರೆಯ ಊರನ್ನ ನಿಲ್ಲಿಸಿದ್ರು. ಊರು ಅಂದಮ್ಯಾಲ ನೀರು ಬೇಕಲ್ಲ? 4,370 ರೂಪಾಯಿ ಖರ್ಚು ಮಾಡಿ ಈ ಬಾವಿ ತೋಡಿಸಿದ್ರು. ಪಂಪಾ ಸರೋವರ ಅಂತ ಹೆಸರಿಟ್ರು. ಮಂದಿ ಸಂಭಾಳಿಸೋ ಕೆಲಸ ಡಾ. ನಾ. ಸು. ಹರ್ಡೀಕರರ ಸೇವಾದಳದ್ದು, ಅಂದ್ರ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆದು.

ಈಗ ಠರಾವಿಗೆ ಬರೂಣು. ಆವತ್ತಿನ ತನಕ ಕಾಂಗ್ರೆಸ್ಸಿಗೆ ಸದಸ್ಯರಾಗಾಕ ವರ್ಷಕ್ಕ ನಾಲ್ಕಾಣೆ ವರ್ಗಣಿ. ಬೆಳಗಾವಿಯೊಳಗ ಅದನ್ನ ಬದಲಿ ಮಾಡಿದ್ರು: ರೊಕ್ಕ ಬ್ಯಾಡ, ತಿಂಗಳಿಗೆ 2,000 ಗಜ ನೂಲು ಕೊಡ್ರಿ. ಅಂದ್ರ ಹತ್ತತ್ರ 1.8 ಕಿಲೋಮೀಟರ್ ಎಳಿ!

[ದೃಶ್ಯ: ಚರಕದ ಕದಿರು, ಅದರ ತುದಿಗೆ ಹಂಜಿ. ನಿರೂಪಕನ ಕೈ.]

ಹಗರ ಅನ್ಕೊಂಡಿದ್ದೆ ನಾನೂ. ಹುದಲಿಯೊಳಗ ಕುಂತು ಪ್ರಯತ್ನ ಮಾಡಿದೆ. ಎಡಗೈಲೆ ಹಂಜಿ, ಅಂದ್ರ ಹಿಂಜಿದ ಹತ್ತಿಯ ಸುರುಳಿ, ಎಳೀಬೇಕು, ಬಲಗೈಲೆ ಗಾಲಿ ತಿರುವಬೇಕು. ಜರಾ ಜೋರಾದ್ರ ಎಳಿ ಪಟ್ಟನ ಹರೀತೈತಿ. ಸಾವಕಾಶ ಮಾಡಿದ್ರ ಗಂಟು ಬೀಳ್ತೈತಿ. ಅರ್ಧ ತಾಸಿನಾಗ ನನ್ನ ಕೈಗೆ ಬಂದದ್ದು ಒಂದು ಮಾರೂ ಇಲ್ಲ. ಬಾಜೂಕ ಕುಂತಿದ್ದ ಅಜ್ಜಿ ನಕ್ಕೋತ, “ತಮ್ಮಾ, ಹಂಜಿ ಯಾಕ ಹಿಸುಕ್ತಿ?” ಅಂದ್ಳು.

ಇದನ್ನ ಯಾಕ ಹೊರಿಸಿದ್ರು? 1922ರಾಗ ಚೌರಿಚೌರಾದೊಳಗ ಮಂದಿ ಪೊಲೀಸ್ ಠಾಣೆ ಸುಟ್ಟಮ್ಯಾಲ ಗಾಂಧೀಜಿ ಅಸಹಕಾರ ಚಳವಳಿ ನಿಲ್ಲಿಸಿದ್ರು. ಬೆಳಗಾವಿಯೊಳಗ ಅಸಹಕಾರವನ್ನ ಅಧಿಕೃತವಾಗಿಯೇ ತಡೆದಿಟ್ರು, ಪರದೇಶದ ಬಟ್ಟಿ ಬಿಡೋದೊಂದನ್ನ ಉಳಿಸಿಕೊಂಡ್ರು. ಕಾಯ್ದೆ ಮುರಿಯೋ ಹೋರಾಟ ಇಲ್ಲದಾಗ ಕಾರ್ಯಕರ್ತ ಮನ್ಯಾಗ ಏನು ಮಾಡಬೇಕು? ಭಾಷಣ ಕೇಳಿ ಚಪ್ಪಾಳಿ ಬಡದು ಹೋಗೋ ವಕೀಲನ ಕೈಯಾಗೂ ದಿನಾ ಒಂದು ಕೆಲಸ ಇರಲಿ, ಅದು ಬಡವರು ಮಾಡೋ ಕೆಲಸನೇ ಆಗಿರಲಿ ಅನ್ನೋದು ಗಾಂಧೀಜಿ ಲೆಕ್ಕ. ನನಗ ಕೇಳಿದ್ರ, ಅಹಿಂಸೆಯೊಳಗ ಜೈಲಿಗೆ ಹೋಗೋದಕ್ಕಿಂತ ಈ ಭಾಗನೇ ಕಠಿಣ. ಜೈಲಿಗೆ ಹೋದ್ರ ಹಾರ ಹಾಕ್ತಾರ, ನೂಲು ತೆಗೆದ್ರ ಯಾರು ಹಾಕ್ತಾರ?

ಆದ್ರ ಠರಾವಿನೊಳಗ ಒಂದು ಸಂದಿ ಇತ್ತು. ಆರಾಮಿಲ್ಲ, ಇಲ್ಲಾ ಮನಸ್ಸಿಲ್ಲ ಅಂದ್ರ ಬ್ಯಾರೆಯವರು ತೆಗೆದ ನೂಲನ್ನೂ ಕೊಡಬಹುದಿತ್ತು. ಮನಸ್ಸಿಲ್ಲದವರು ಭಾಳ ಮಂದಿ ಇದ್ರು. ಒಂದು ವರ್ಷನೂ ತುಂಬಲಿಲ್ಲ, 1925ರ ಸೆಪ್ಟೆಂಬರಿನಾಗ ಪಾಟ್ನಾದ ಕಾಂಗ್ರೆಸ್ ಸಮಿತಿ ಸಭೆಯೊಳಗ ನಾಲ್ಕಾಣೆ ವಾಪಸ್ ಬಂತು. ನೂಲು ಬೇಕಾದವರಿಗೆ ಮಾತ್ರ, ಅದೂ ವರ್ಷಕ್ಕ 2,000 ಗಜ.

ಠರಾವ್ ಹೋತು, ಚರಕ ಹೋಗಲಿಲ್ಲ. ಹುದಲಿಯೊಳಗ ಖಾದಿ ಕೆಲಸ ನಡದ ನಡೀತು. 1937ರಾಗ ಗಾಂಧೀ ಸೇವಾ ಸಂಘದ ಸಭೆಗೆ ಗಾಂಧೀಜಿ ಆ ಹಳ್ಳಿಗೇ ಬಂದ್ರು.

[ದೃಶ್ಯ: ಮತ್ತ ರೈಲ್ವೆ ಗೇಟ್. ಹಾರ್ನ್ ಸಪ್ಪಳ.]

ಗೇಟ್ ಎತ್ತಿದ್ರು ನೋಡ್ರಿ. ಬಾವಿ ಇಲ್ಲೇ ಸಮೀಪ ಐತಿ, ನಾನು ಅತ್ಲಾಗ ಹೊಂಟೀನಿ.